ಒಲ್ಲೆನೆಂದ ಗೋಧಿ

“ಮುಂದೆ,” ಎಂದರು ನೀಲಾಂಬಿಕಾ ಟೀಚರು. ಗೋಧಿ ನಡೆಯಿತು. “ಎಡಕ್ಕೆ,” ಎಂದರು. ಎಡಕ್ಕೆ ತಿರುಗಿತು. ಕಣ್ಣು ಕಾಣದ ಆ ಸಂಗೀತ ಟೀಚರು ಯಾರ ತೋಳನ್ನೂ ಹಿಡಿಯದೆ ಧಾರವಾಡದ ಬೀದಿಯಲ್ಲಿ ಶಾಲೆಗೆ ಹೊರಟದ್ದು ೨೦೫೮ರ ಆ ಬೆಳಿಗ್ಗೆಯೇ ಮೊದಲು.

ಗೋಧಿ ಬೀದಿನಾಯಿ. ಅದರ ಕೊರಳಲ್ಲಿದ್ದ ಪಟ್ಟಿ ಮಾತ್ರ ಡಾ. ಶಾಂಭವಿ ಹಂಚಿನಮನಿಯವರ ಹನ್ನೊಂದು ವರ್ಷದ ದುಡಿಮೆ. ಹೇಳಿದಂತೆ ನಾಯಿ ನಡೆದೊಡನೆ ಪಟ್ಟಿ ಅದರ ಮಿದುಳಿಗೆ ನವಿರಾದ ವಿದ್ಯುತ್ ಅಲೆಯೊಂದನ್ನು ಕಳಿಸುತ್ತಿತ್ತು. ಬೆಲ್ಲ ತಿಂದಾಗ ಆಗುವಂಥ ಹಿತ ನಾಯಿಗೆ ಆಗುತ್ತಿತ್ತು. ಎರಡು ವರ್ಷ ಹಿಡಿಯುತ್ತಿದ್ದ ತರಬೇತಿ ನಲವತ್ತೇ ದಿನಕ್ಕೆ ಇಳಿಯಿತು. ಎಲ್ಲರೂ ಶಾಂಭವಿಯನ್ನು ಹಾಡಿ ಹೊಗಳಿದರು.

ಮೂರನೆಯ ವಾರ, ಹಿಟ್ಟಿನ ಗಿರಣಿಯ ಮುಂದೆ ಯಾರೋ ಚರಂಡಿಯ ಚಪ್ಪಡಿ ತೆಗೆದಿದ್ದರು. ಗೋಧಿ ನಿಂತಿತು. ಟೀಚರು ಮತ್ತೆ “ಮುಂದೆ” ಎಂದರು. ಪಾಪ, ಬೆಲ್ಲದ ರುಚಿ ಹತ್ತಿದ ನಾಯಿ. ಮುಂದೆ ನಡೆಯಿತು, ಇಬ್ಬರೂ ಬಿದ್ದರು.

ಟೀಚರ ಮೊಣಕೈ ಮುರಿಯಿತು. ನೋಡಲು ಬಂದ ಶಾಂಭವಿಗೆ ತಲೆ ಎತ್ತಲಾಗಲಿಲ್ಲ. ಜೊತೆಗೆ ಬಂದಿದ್ದ ಹಳೆಯ ತರಬೇತಿಗಾರ ಮೌಲಾಸಾಬ್ ಸುಮ್ಮನಿರುವ ಆಸಾಮಿಯಲ್ಲ.

“ಕಡೀ ಪಾಠ ನಾವು ಹೆಂಗ ಕಲಸ್ತಿದ್ವಿ ಗೊತ್ತೇನ್ರಿ ಮೇಡಂ? ಕಣ್ಣಿಗೆ ಬಟ್ಟಿ ಕಟ್ಕೊಂಡು, ಬೇಕಂತನ ತಗ್ಗಿನ ಕಡೆ ‘ನಡಿ’ ಅಂತಿದ್ವಿ. ಒಲ್ಲೆ ಅಂತ ನಿಂತ ನಾಯಿಗೆ ಬೆಲ್ಲ! ನೀವು ಬರೇ ಹೂಂ ಅನ್ನೂದ ಕಲಿಸೀರಿ.”

“ತಪ್ಪಾತ್ರಿ ಅಕ್ಕೋರ. ನಾಯಿ ವಾಪಸ್ ಒಯ್ತೀನಿ,” ಎಂದರು ಶಾಂಭವಿ.

“ಒಯ್ದು ಸುಮ್ಮನ ಕೂಡತೀರೇನು? ನಾ ಮತ್ತ ಯಾರದರ ಕೈ ಹಿಡಕೊಂಡು ಸಾಲಿಗೆ ಹೋಗಂಗಿಲ್ಲ. ಅದಕ್ಕ ಒಲ್ಲೆ ಅನ್ನೂದು ಕಲಸ್ರಿ. ಕಾಯ್ತೀನಿ.”

ಶಾಂಭವಿ ಹಟ ಹಿಡಿದು ಕುಳಿತರು. ನಾಯಿಯ ಮಿದುಳಿನಲ್ಲಿ ಅಪಾಯದ ಅಲೆ ಎದ್ದರೆ, ನಡೆದದ್ದಕ್ಕಲ್ಲ, ನಿಂತದ್ದಕ್ಕೆ ಹಿತ ಸಿಗುವಂತೆ ಪಟ್ಟಿಯನ್ನು ತಿದ್ದಿದರು. ಮೌಲಾಸಾಬ್ ದಿನವೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಪ್ಪು ಅಪ್ಪಣೆ ಕೊಟ್ಟರು, ಬಿದ್ದರು, ಬೈದರು, ಮತ್ತೆ ಎದ್ದರು. ಎಂಟು ತಿಂಗಳು ಹಿಡಿಯಿತು.

ಕೊನೆಯ ಪರೀಕ್ಷೆ ಅದೇ ಗಿರಣಿಯ ಮುಂದೆ. ಟೀಚರು ಮೂರು ಸಲ “ಮುಂದೆ” ಎಂದರು. ಗೋಧಿ ಕದಲಲಿಲ್ಲ. “ಹೋಗ್ತೀಯೋ ಇಲ್ಲೋ, ಖೋಡಿ!” ಎಂದು ಗದರಿದರೆ ಕುಳಿತೇಬಿಟ್ಟಿತು. ಟೀಚರು ಅದನ್ನು ತಬ್ಬಿಕೊಂಡು ಅತ್ತರು. ಸಂತೋಷಕ್ಕೆ.

ಆಮೇಲೆ ಕೋಲು ಚಾಚಿ ನೋಡಿದರು. ಕೆಳಗೆ ನೆಲ ಸಿಗಲಿಲ್ಲ.

“ಇದನ್ನ ಇನ್ನೂ ಮುಚ್ಚಿಲ್ಲೇನ್ರಿ?”

“ಇಲ್ರಿ ಅಕ್ಕೋರ, ಅವತ್ತಿನಿಂದ ಹಂಗ ಐತ್ರಿ,” ಎಂದರು ಜೊತೆಗಿದ್ದ ಮೌಲಾಸಾಬ್.

“ಹಂಗಾದ್ರ ಚಪ್ಪಡಿ ಹಾಕೂತನಕ ಇದೂ ಏಳಂಗಿಲ್ಲ, ನಾನೂ ಏಳಂಗಿಲ್ಲ,” ಎಂದು ಟೀಚರು ಗೋಧಿಯ ಪಕ್ಕದಲ್ಲೇ ಕುಳಿತರು.

ಜನ ಸೇರಿದರು. ಎಂಟು ತಿಂಗಳಿಂದ ಅವರೆಲ್ಲ ಅಲ್ಲಿ ಕಾಲು ಅಗಲಿಸಿ ದಾಟಿಕೊಂಡೇ ಓಡಾಡುತ್ತಿದ್ದರು. ಆ ಬೆಳಿಗ್ಗೆ ಶಾಂಭವಿಯೂ ಸೀರೆ ತುಸು ಎತ್ತಿ ದಾಟಿ ಬಂದಿದ್ದರು. ಈಗ ಅದು ನೆನಪಾಗಿ ನಾಚಿಕೆಯಾಯಿತು. ಕೈ ತಾನಾಗಿಯೇ ತಮ್ಮ ಕೊರಳಿಗೆ ಹೋಯಿತು.

ಅಲ್ಲಿ ಯಾವ ಪಟ್ಟಿಯೂ ಇರಲಿಲ್ಲ.