ಹಳದಿ ದೀಪದ ಬುಡದಲ್ಲಿ ಕಂಡ ಕಪ್ಪು

೧೯೮೬ರ ನವೆಂಬರ್ ೧೩, ಗುರುವಾರ ಬೆಳಿಗ್ಗೆ ದುಮ್ಮವಾಡದ ರೈತ ಗೂಳಪ್ಪ ಕಲಘಟಗಿ ಠಾಣೆಗೆ ಬಂದು ದೂರು ಕೊಟ್ಟ. ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ಕೆಂದು ಹಿಂದಿನ ದಿನ ಕಲಘಟಗಿಯಲ್ಲೇ ಕೊಂಡಿದ್ದ ಬಣ್ಣದ ತೊಟ್ಟಿಲು, ಲಾರಿ ನಿಲ್ಲುವ ಬಯಲಿನಲ್ಲಿದ್ದ ಟೆಂಪೋದಿಂದ ಸಂಜೆಗತ್ತಲಲ್ಲಿ ಕಳುವಾಗಿತ್ತು. ಪಕ್ಕದಲ್ಲೇ ಇದ್ದ ಹೊಸ ಸೀರೆಗಳ ಗಂಟನ್ನು ಕಳ್ಳ ಮುಟ್ಟಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಬಯಲಿನಂಚಿನ ಚಹಾದಂಗಡಿಯ ನಬೀಸಾಬ, ಕರಿ ಕಂಬಳಿ ಹೊದ್ದ ಯಾರೋ ತಲೆಯ ಮೇಲೆ ತೊಟ್ಟಿಲು ಹೊತ್ತು ಹೋದದ್ದನ್ನು ಹಿಂದಿನಿಂದ ನೋಡಿದ್ದ. ಆ ಸಂಜೆ ಅಲ್ಲಿ ಕರಿ ಕಂಬಳಿ ಇದ್ದದ್ದು ಕುರಿಗಾರ ಬೀರಲಿಂಗಪ್ಪನಲ್ಲಿ ಮಾತ್ರ. ಕಾನ್‌ಸ್ಟೇಬಲ್ ಹೊಳೆಪ್ಪ ಮಧ್ಯಾಹ್ನದೊಳಗೆ ಅವನನ್ನು ಲಾಕಪ್ಪಿಗೆ ತಳ್ಳಿ, ಕೇಸು ಮುಗಿದೇ ಹೋಯಿತೆಂಬಂತೆ ಮೀಸೆ ತಿರುವಿದ.

"ಸಾಹೇಬ್ರ, ಕುರಿ ಅಡವ್ಯಾಗ ಅದಾವ್ರಿ. ತೋಳಾ ಬೀಳತಾವ್ರಿ," ಎಂದು ಬೀರಲಿಂಗಪ್ಪ ಅಂಗಲಾಚುತ್ತಲೇ ಇದ್ದ.

ಸಬ್‌ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪ ಕಂಬಳಿಯನ್ನು ಬಿಸಿಲಿಗೆ ಹಿಡಿದರು. ಅಂಚಿನುದ್ದಕ್ಕೂ ಅಂಗೈ ಅಗಲದ ಬಿಳಿ ಪಟ್ಟಿ. ನಬೀಸಾಬನನ್ನು ಕರೆಸಿದರು.

"ಬಿಳಿ ಅಂಚು ಕಂಡಿತ್ತೇನು?"

"ಇಲ್ರಿ. ಪೂರಾ ಕರಿ ಇತ್ರಿ."

"ಎಲ್ಲಿ ನೋಡಿದಿ?"

"ಹೊಸಾ ಹಳದಿ ದೀಪದ ಬುಡಕ್ರಿ. ಅಗದಿ ಬೆಳಕಿತ್ರಿ."

ಬಯಲಿಗೆ ಯಾವ ದೀಪ ಒಳ್ಳೆಯದೆಂದು ನೋಡಲು ಪಂಚಾಯಿತಿಯವರು ಒಂದು ಕಂಬಕ್ಕೆ ಬಿಳಿ ಬೆಳಕಿನ ಮರ್ಕ್ಯುರಿ, ಇನ್ನೊಂದಕ್ಕೆ ಹಳದಿ ಬೆಳಕಿನ ಸೋಡಿಯಂ ದೀಪ ಹಾಕಿಸಿದ್ದರು. ಕಡಿಮೆ ಕರೆಂಟಿಗೆ ಹೆಚ್ಚು ಬೆಳಕೆಂದು ಊರೆಲ್ಲ ಹಳದಿಯನ್ನೇ ಹೊಗಳುತ್ತಿತ್ತು. ಗುರುವಾರ ಸಂಜೆ ದೀಪ ಹತ್ತಿದೊಡನೆ ಶಂಭುಲಿಂಗಪ್ಪ ಇಬ್ಬರು ಪಂಚರ ಎದುರು ಕಂಬಳಿಯನ್ನೂ ಬಟ್ಟೆಯಂಗಡಿಯಿಂದ ತರಿಸಿದ ಸೀರೆಗಳನ್ನೂ ಎರಡೂ ಕಡೆ ಹಗ್ಗಕ್ಕೆ ಹಾಕಿಸಿ ನೋಡಿದರು. ಬಿಳಿ ದೀಪದಲ್ಲಿ ಕೆಂಪು ಸೀರೆ ಕಂದಿತು, ನೀಲಿ ನೀಲಿಯಾಗಿಯೇ ಇತ್ತು. ಹಳದಿ ದೀಪದಲ್ಲಿ ಅದೇ ನೀಲಿ ಸೀರೆ ಪೂರ್ತಿ ಕಪ್ಪಾಯಿತು. ಕಂಬಳಿಯ ಪಟ್ಟಿ ಮಾತ್ರ ದೂರಕ್ಕೂ ಎದ್ದು ಕಾಣುತ್ತಿತ್ತು. ಪಂಚನಾಮೆ ಬರೆಯಲಾಯಿತು.

ನಬೀಸಾಬ ಆ ಸೀರೆಯನ್ನೇ ನೋಡುತ್ತ ನಿಂತ. "ನಾ ಕಂಬಳಿ ಅಂದದ್ದು ಇಂಥಾ ಸೀರಿ ಸೆರಗ ಇತ್ರಿ ಸಾಹೇಬ್ರ. ನನ್ನ ಮಾತಿಗೆ ಪಾಪ, ಆ ಮನಷ್ಯಾ ಒಳಗ ಕುಂತಾನ."

ಹೊಳೆಪ್ಪನ ಕೈ ಮೀಸೆಯಿಂದ ಇಳಿಯಿತು. "ಹಂಗಾರ ಹೆಣ್ಮಗಳೇನ್ರಿ?"

ಬೀರಲಿಂಗಪ್ಪನನ್ನು ಆಗಲೇ ಬಿಟ್ಟರು. ಅಷ್ಟರಲ್ಲಿ ಎರಡು ಮರಿಗಳು ತೋಳಗಳ ಪಾಲಾಗಿದ್ದವು.

ಹೊಸ ಸೀರೆ ಬಿಟ್ಟು ತೊಟ್ಟಿಲನ್ನೇ ಒಯ್ಯುವ ಹೆಂಗಸು ಯಾರು? ಶುಕ್ರವಾರ ಬೆಳಿಗ್ಗೆ ಶಂಭುಲಿಂಗಪ್ಪ, ತೊಟ್ಟಿಲು ಮಾಡಿ ಮಾರಿದ ಶಂಕ್ರಪ್ಪನ ಮನೆಯಿಂದಲೇ ವಿಚಾರಣೆ ಶುರುಮಾಡಿದರು. ಬಾಗಿಲು ತೆರೆದದ್ದು ಅವನ ಹೆಂಡತಿ ಗುರವ್ವ. ಮೈಮೇಲೆ ಕಡುನೀಲಿ ಸೀರೆ.

"ಬುಧವಾರ ಸಂಜೀಕ ಎಲ್ಲಿದ್ದಿ, ತಂಗಿ?"

ಅವಳು ಅದಕ್ಕೆ ಉತ್ತರಿಸದೆ ಕೇಳಿದಳು, "ಆ ಕುರಿಗಾರನ್ನ ಬಿಟ್ರೇನ್ರಿ?"

"ಬಿಟ್ಟೀವಿ."

ಗುರವ್ವ ಹಿತ್ತಿಲಿಗೆ ಹೋಗಿ ಕಟ್ಟಿಗೆಯ ಮೇಲಿನ ಗೋಣಿಚೀಲ ಸರಿಸಿದಳು. ತೊಟ್ಟಿಲಿತ್ತು. ಒಂದು ಬದಿಯ ಹೊಸ ಬಣ್ಣ ಕೆರೆದುಹೋಗಿತ್ತು, ಅದರಡಿಯಲ್ಲಿ ಹಳೆಯ ಗಿಳಿಯ ಚಿತ್ರ ಕಾಣುತ್ತಿತ್ತು.

"ಇದು ನನ್ನ ಕೂಸಿಂದ್ರಿ. ಶ್ರಾವಣದಾಗ ಇದರಾಗ ಮಲಗಿದ್ದು ಏಳಲಿಲ್ಲ. ನಾ ನೀರಿಗೆ ಹೋದಾಗ ಇವರು ಹೊಸಾದಂತ ಹೇಳಿ ಮಾರಿಬಿಟ್ರು. ಸತ್ತ ಕೂಸಿನ ತೊಟ್ಟಲದಾಗ ಇನ್ನೊಬ್ರ ಕೂಸು ಹೆಂಗ ಮಲಗಸೂದ್ರಿ?"

"ಗೂಳಪ್ಪಗ ಹೇಳಬೇಕಿತ್ತು."

"ಹೇಳಿದ್ರ ಇವರು ಮಾಡಿದ್ದ ತೊಟ್ಟಲಾ ಮತ್ತ್ಯಾರ ಕೊಳ್ತಾರ್ರಿ?"

ಅವಳ ಹಿಂದೆಯೇ ಹಿತ್ತಿಲಿಗೆ ಬಂದಿದ್ದ ಶಂಕ್ರಪ್ಪ ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದ. ಆದರೂ ಶಂಭುಲಿಂಗಪ್ಪ ಕಳವಿನ ಕಲಂ ೩೭೯ರಡಿ ಗುರವ್ವನನ್ನು ದಸ್ತಗಿರಿ ಮಾಡಲೇಬೇಕಾಯಿತು.

ಗುರುತು ಹಿಡಿಯಲು ಬಂದ ಗೂಳಪ್ಪ ವಿಷಯ ಕೇಳಿ ತೊಟ್ಟಿಲಿನಿಂದ ಕೈ ಹಿಂದಕ್ಕೆಳೆದುಕೊಂಡ. "ನನಗ ಇದು ಬ್ಯಾಡ್ರಿ. ಆ ತಾಯೀನ ಬಿಟ್ಟುಬಿಡ್ರಿ. ನನ್ನ ಮೊಮ್ಮಗನ್ನ ಕಾದಾಳ್ರಿ ಆಕಿ."

"ಕೋರ್ಟಿನ್ಯಾಗ ಇದನ್ನ ಹೇಳು," ಎಂದರು ಶಂಭುಲಿಂಗಪ್ಪ.

ತೊಟ್ಟಿಲು ಠಾಣೆಯಲ್ಲಿ ಜಪ್ತಿ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆ ಸೇರಿತು. ಜಾಗ ಸಾಲದೆ ಹೊಳೆಪ್ಪ ಹಳೆಯ ಕಾಗದದ ಗಂಟೊಂದನ್ನು ಅದರೊಳಗಿಡಲು ಹೋದ.

"ಅದರಾಗ ಏನೂ ಇಡಬ್ಯಾಡೋ," ಎಂದರು ಶಂಭುಲಿಂಗಪ್ಪ.

ಹೊಳೆಪ್ಪ ಗಂಟನ್ನು ನೆಲದ ಮೇಲಿಟ್ಟ.