ಸುಬೇದಾರನ ಪಥ್ಯ

ಯುದ್ಧಕಾಲದಲ್ಲಿ ಹಲಸೂರಿನಲ್ಲಿ ನಡೆದ ಅತಿ ಗಂಭೀರ ಘಟನೆಯನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. ಆದ್ದರಿಂದ ಇಲ್ಲಿ ಹೇಳಬೇಕಾಗಿದೆ: ಸುಬೇದಾರನಿಗೆ ಕಾಮಾಲೆ ಬಂದಿತ್ತು.

ಸುಬೇದಾರ ದಂಡಿನವನಲ್ಲ. ಮೀಸೆಯ ದೆಸೆಯಿಂದ ಆ ಹೆಸರು ಪಡೆದ, ಆದಿಲಕ್ಷ್ಮಿಯ ಬೆಕ್ಕು. ಕಿವಿಯ ಒಳಭಾಗ, ಒಸಡು ಎಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿ, ತಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆದಿಲಕ್ಷ್ಮಿಯ ಅಜ್ಜಿ ದೊಡ್ಡಮುನಿಯಮ್ಮ ಬೀದಿಗೆಲ್ಲ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವಳು. ಔಷಧಿಗಿಂತ ಅವಳ ಪಥ್ಯ ದೊಡ್ಡದು. ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನು ಮಾಂಸದ ವಾಸನೆಯೂ ಇಲ್ಲ; ನೀರುಮಜ್ಜಿಗೆ ಕಲಸಿದ ಅನ್ನ ಮಾತ್ರ. ಮೊಮ್ಮಗಳು ಅದನ್ನೇ ಬೆಕ್ಕಿಗೂ ಹಿಡಿಸಿದಳು.

ಅಮ್ಮ ತೀರಿಹೋದ ವರ್ಷ ಮಡಿಲಿಗೆ ಬಂದ ಮರಿ ಅದು... ಅದೂ ಹೋದರೆ ಮಾತಾಡಲು ಯಾರಿದ್ದಾರೆ? ಅಜ್ಜಿ ಇದ್ದಳು. ಆದರೆ ಅಜ್ಜಿ ಮಾತಾಡುತ್ತಿದ್ದಳು, ಕೇಳುತ್ತಿರಲಿಲ್ಲ.

ಹೀಗಿರುವಾಗ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವನೊಬ್ಬ ಹಿತ್ತಲಿನ ಗೋಡೆಯ ಮೇಲೆ ಕೂತು ಸುಬೇದಾರನಿಗೆ ಬೆರಳಿನಿಂದ ಮೀನು ನೆಕ್ಕಿಸುತ್ತಿರುವುದು ಅವಳ ಕಣ್ಣಿಗೆ ಬಿತ್ತು!

"ಏನ್ರೀ ಮಾಡ್ತಿದ್ದೀರಾ?"

"ಊಟ ಮಾಡಿಸ್ತಿದ್ದೀನಿ. ಪಾಪ, ಯಾರೋ ಇದಕ್ಕೆ ದಿನಾ ಮಜ್ಜಿಗೆ ಅನ್ನ ಇಡ್ತಾರೆ ರೀ."

"ಆ ಯಾರೋ ನಾನೇ. ಕಾಮಾಲೆ ಆಗಿರೋದಕ್ಕೆ ಮೀನು ಕೊಡ್ತೀರಲ್ಲ, ಸಾಯಿಸ್ಬೇಕು ಅಂತಾನಾ?"

ಅವನು ಬಾಣಸವಾಡಿಯ ಮುನಿಕೃಷ್ಣಪ್ಪ, ವಿಮಾನ ಕಾರ್ಖಾನೆಯಲ್ಲಿ ಫಿಟ್ಟರು. ಮುಖ ಸಣ್ಣದು ಮಾಡಿಕೊಂಡು ಇಳಿದುಹೋದ. ಒಳ್ಳೆಯ ಕಣ್ಣು, ಎಂದುಕೊಂಡಳು ಆದಿಲಕ್ಷ್ಮಿ. ಕೂಡಲೇ ತನ್ನನ್ನೇ ಬೈದುಕೊಂಡಳು... ಕೊಲೆಗಾರನ ಕಣ್ಣು ಹೇಗಿದ್ದರೇನು?

ಬೆಕ್ಕನ್ನು ಒಳಗೆ ಕೂಡಿಹಾಕಿದಳು. ಅಜ್ಜಿ ಪಕ್ಕದ ಮನೆಗೆ ಹೋಗಿ, ರೋಗಿ ಗುಣವಾಗುವವರೆಗೆ ಅಲ್ಲೂ ಒಗ್ಗರಣೆ ಹಾಕಕೂಡದೆಂದು ಅಪ್ಪಣೆ ಮಾಡಿ ಬಂದಳು.

ಪಥ್ಯ ಚೆನ್ನಾಗಿ ನಡೆಯಿತು. ಬೆಕ್ಕು ಮಾತ್ರ ಸೊರಗುತ್ತ ಹೋಯಿತು. ಒಂದು ಬೆಳಿಗ್ಗೆ ತಲೆಯನ್ನೇ ಎತ್ತಲಿಲ್ಲ.

ಅವಳು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಜಟಕಾ ಹತ್ತಿದಳು. ರಸೆಲ್ ಮಾರ್ಕೆಟ್ಟಿನ ಹಿಂದೆ ಕುದುರೆ, ನಾಯಿಗಳನ್ನು ನೋಡುವ ಡಾಕ್ಟರು ಗಯಾಜ್ ಸಾಹೇಬರು ಬೆಕ್ಕಿನ ಹೊಟ್ಟೆ ಒತ್ತಿ ನೋಡಿ, ಲಿವರ್ ಕೆಟ್ಟಿದೆ, ಏನು ತಿನ್ನಿಸುತ್ತೀಯೆಂದು ಕೇಳಿದರು. ಅವಳು ಪಥ್ಯವನ್ನು ಹೆಮ್ಮೆಯಿಂದ ಒಪ್ಪಿಸಿದಳು. ಸಾಹೇಬರು ಕನ್ನಡಕ ತೆಗೆದರು.

"ಇದು ಬೆಕ್ಕಮ್ಮಾ, ಮನುಷ್ಯ ಅಲ್ಲ. ಉಪವಾಸ ಇದ್ದಷ್ಟೂ ಇದರ ಲಿವರ್ ಹಾಳಾಗುತ್ತೆ. ಮೀನೋ ಕೋಳೀನೋ ಬೇಯ್ಸಿ, ನುಣ್ಣಗೆ ಮಾಡಿ, ಸ್ವಲ್ಪ ಸ್ವಲ್ಪಾನೇ ತಿನ್ಸು. ಇಷ್ಟು ದಿನ ಜೀವ ಹಿಡ್ಕೊಂಡಿದೆ ಅಂದ್ರೆ, ಯಾರೋ ಕದ್ದು ಊಟ ಹಾಕಿದ್ದಾರೆ."

ಹಲಸೂರು ಮುಟ್ಟುವವರೆಗೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಅಜ್ಜಿಯ ಗೊಣಗಾಟದ ನಡುವೆಯೇ ಮೀನು ಬೇಯಿತು. ಆದರೆ ಸುಬೇದಾರ ಅವಳ ಕೈ ಕಂಡೊಡನೆ ಬಾಯಿ ಮುಚ್ಚಿತು. ಈಚೆಗೆ ಆ ಕೈಯಿಂದ ಅದು ಮಜ್ಜಿಗೆ ಅನ್ನವನ್ನಷ್ಟೇ ಕಂಡಿತ್ತು. ಬೇರೆ ದಾರಿಯಿಲ್ಲ. ಗೋಡೆಯ ಹತ್ತಿರ ಹೋಗಿ ನಿಂತಳು.

"ರೀ... ನನ್ನ ಕೈಲಿ ತಿಂತಿಲ್ಲ. ಸ್ವಲ್ಪ ಬರ್ತೀರಾ?"

"ಸಾಯ್ಸೋನು ಒಳಗೆ ಬರ್ಬೋದಾ?"

"ತಪ್ಪಾಯ್ತು. ಬನ್ನಿ."

ಅಂದಿನಿಂದ ಅವನು ಕಾರ್ಖಾನೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಬರತೊಡಗಿದ. ಬೆರಳ ತುದಿಯಲ್ಲಿ ಮೀನಿನ ಮುದ್ದೆ ಹಿಡಿದು, ಕಾರ್ಖಾನೆಯ ಸುದ್ದಿಯನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದ. ಕೇಳುತ್ತಿದ್ದವಳು ಆದಿಲಕ್ಷ್ಮಿ. ಬೆಕ್ಕಿನ ಕಿವಿ ಮತ್ತೆ ಗುಲಾಬಿಗೆ ತಿರುಗಿತು. ಅವಳಿಗೆ ಸಂತೋಷವಾಯಿತು, ಅದರ ಹಿಂದೆಯೇ ಒಂದು ದಿಗಿಲು... ಇದು ಗುಣವಾದರೆ ಇವರು ಯಾಕೆ ಬರುತ್ತಾರೆ?

ಒಂದು ಸಂಜೆ ಸುಬೇದಾರ ತಾನೇ ತಟ್ಟೆ ಖಾಲಿ ಮಾಡಿತು. ಅವಳು ತಟ್ಟೆಯನ್ನು ತೊಳೆದಿಟ್ಟು, ಮುನಿಕೃಷ್ಣಪ್ಪ ಬಂದಾಗ, ಇವತ್ತು ಏನೂ ತಿಂದಿಲ್ಲವೆಂದಳು. ಅವನು ಬೆರಳು ಚಾಚಿದ. ಸುಬೇದಾರ ಮೂಸಿ ನೋಡಿ, ಮುಖ ತಿರುಗಿಸಿ, ಮೀಸೆ ಒರೆಸಿಕೊಳ್ಳತೊಡಗಿತು.

"ಇದಕ್ಕೆ ಹೊಟ್ಟೆ ತುಂಬಿದೆ ಅಲ್ವಾ?"

ಅವಳು ನೆಲ ನೋಡಿದಳು. "ಹೂಂ... ನಾಳೆಯಿಂದ ನೀವು ಬರಲ್ಲ ಅಂದ್ಕೊಂಡೆ."

"ಇದು ಹಿತ್ತಲಲ್ಲಿ ತಾನೇ ತಿನ್ನೋದನ್ನ ಹೋದ ವಾರಾನೇ ಗೋಡೆ ಮೇಲಿಂದ ನೋಡಿದ್ದೆ," ಎಂದ ಅವನು. "ನಾನೂ ಹೇಳ್ಲಿಲ್ಲ."

ಒಳಗೆ ಅಜ್ಜಿ ಕೆಮ್ಮಿದಳು. ಅವಳಿಗೆ ಕೆಮ್ಮಿನ ಕಾಯಿಲೆಯೇನೂ ಇರಲಿಲ್ಲ.

"ಹಾಗಾದ್ರೆ ನಿಮ್ಮಮ್ಮನ್ನ ಕರ್ಕೊಂಡ್ ಬನ್ನಿ," ಆದಿಲಕ್ಷ್ಮಿಯ ದನಿ ಅವಳಿಗೇ ಕೇಳಿಸದಷ್ಟು ಮೆಲ್ಲಗಿತ್ತು.

"ಭಾನುವಾರ ಕರ್ಕೊಂಡ್ ಬರ್ತೀನಿ. ಅಲ್ಲೀವರೆಗೂ ಸಾರಿಗೆ ಒಗ್ಗರಣೆ ಹಾಕ್ಕೋಬೋದಾ? ನಿಮ್ಮಜ್ಜಿ ಇನ್ನೂ ಬಿಟ್ಟಿಲ್ಲ."

"ಹಾಕ್ಕೊಳ್ಳಿ. ನಾನು ಹೇಳ್ತೀನಿ ಅಜ್ಜಿಗೆ."

ಶ್ರಾವಣದಲ್ಲಿ ಮದುವೆಯಾಯಿತು. ಬೆಕ್ಕು ದಪ್ಪಗಾಯಿತು.