ಎಡ ರೆಕ್ಕೆಯ ಸೀಳುಗಳು

ಎಡ ರೆಕ್ಕೆಯ ಬಟ್ಟೆಯನ್ನು ಯಾರೋ ಬ್ಲೇಡಿನಲ್ಲಿ ಸೀಳಿದ್ದರು. ಒಂದು ಕಡೆಯಲ್ಲ—ಮುಂಭಾಗದ ಉದ್ದಕ್ಕೂ, ಪ್ರತಿ ಪಕ್ಕೆಲುಬಿನ ಮೂತಿಯ ಮೇಲೂ!

ಉರಿಗಾಂನ ಶೆಡ್ಡಿನಲ್ಲಿ ಕಾಂತರಾಜ್ ತಲೆ ಹಿಡಿದುಕೊಂಡು ಕುಸಿದ. ಕಾರ್ಖಾನೆಯಿಂದ ಬಂದು ನಿದ್ದೆಗೆಟ್ಟು ಕಟ್ಟಿದ ಪುಟ್ಟ ವಿಮಾನ. ನಾಳೆ ಅವನೇ ಹತ್ತಿ ಹಾರಿಸುವವನಿದ್ದ.

"ನೀನೇ ತಾನೇ?" ಎಂದ, ಹೆಂಡತಿಯತ್ತ ತಿರುಗಿ.

ಅರುಣಕುಮಾರಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ನಾನ್ಯಾಕ್ರೀ—"

"ಸುಟ್ಟೋಗ್ಲಿ ಈ ವಿಮಾನ ಅಂತ ನಿನ್ನೆ ಅಂದೋಳು ಯಾರು? ಬೀಗದ ಕೈ ಇರೋದು ನಮ್ಮಿಬ್ಬರ ಹತ್ರ, ನಂದಕುಮಾರ್ ಹತ್ರ. ಜೊತೇಲಿ ಕಟ್ಟಿದೋನು ಅವನ್ಯಾಕೆ ಹರೀತಾನೆ?"

ಅಂದಿದ್ದು ನಿಜ. ಗಂಡ ಎಲ್ಲಿ ಬಿದ್ದು ಸಾಯುತ್ತಾನೋ ಎಂಬ ದಿಗಿಲು ಅವಳಿಗೆ. ಆ ದಿಗಿಲೇ ಈಗ ಕುತ್ತಿಗೆಗೆ ಬಂತು. ಪಕ್ಕದಲ್ಲೇ ನಿಂತಿದ್ದ ಗೆಳೆಯ ನಂದಕುಮಾರ್ ಹರಿದ ಬಟ್ಟೆಯ ಅಂಚನ್ನು ಒಳಕ್ಕೆ ಮಡಿಸತೊಡಗಿದ.

ದೂರು ಕೇಳಿ ಬಂದ ಎಸ್ಸೈ ಕಲ್ಪನ ವಿಮಾನವನ್ನು ಒಂದು ಸುತ್ತು ಹಾಕಿದಳು.

"ಇಂಜಿನ್ ಮುಟ್ಟಿಲ್ಲ. ಬಲ ರೆಕ್ಕೆ ಮುಟ್ಟಿಲ್ಲ. ದೂರಲ್ಲಿ ಪಕ್ಕೆಲುಬು ಅಂದ್ರಲ್ಲ, ಅದೇನ್ರೀ?"

"ರೆಕ್ಕೆಗೆ ಆಕಾರ ಕೊಡೋ ಹಲಗೆ, ಮೇಡಂ. ಮೂತಿಯ ದುಂಡು ಸರಿ ಇದ್ರೇನೇ ಗಾಳಿ ಎತ್ತೋದು. ಎಲ್ಲಾನೂ ಒಂದೇ ಅಚ್ಚಿಟ್ಟು ಕೊಯ್ದಿದೀವಿ," ಎಂದ ಕಾಂತರಾಜ್.

"ಅಚ್ಚು ಎಲ್ಲಿದೆ?"

"ಬಂಗಾರಪೇಟೆಲಿ, ನಮ್ಮನೇಲಿ."

"ತರಿಸಿ."

ಅಚ್ಚು ಬಂತು. ಮೊದಲ ಸೀಳಿನೊಳಗಿನ ಪಕ್ಕೆಲುಬಿಗೆ ಸರಿಯಾಗಿ ಹೊಂದಿತು. ಮುಂದಿನದಕ್ಕೆ ಒಂಚೂರು ಚಿಕ್ಕದಾಯಿತು. ಕೊನೆಯದರಲ್ಲಿ ಬೆರಳು ದಪ್ಪದ ವ್ಯತ್ಯಾಸ!

ಕಾಂತರಾಜ್ ಅಚ್ಚನ್ನು ಕೆಳಗಿಟ್ಟ. "ಎರಡು ರೆಕ್ಕೆ ಎರಡು ಥರ... ನೆಲ ಬಿಟ್ಟ ತಕ್ಷಣ ಮಗುಚ್ಕೊಂಡು ಬೀಳ್ತಿತ್ತು!"

"ಈ ಕಡೇದು ಕೊಯ್ದೋರು ಯಾರು?"

"ನಂದ..."

"ಹಾಳು ಮಾಡೋರು ಸಿಕ್ಕಸಿಕ್ಕಲ್ಲಿ ಹರೀತಾರೆ," ಎಂದಳು ಕಲ್ಪನ. "ಇಲ್ಲಿ ಸೀಳಿರೋ ಜಾಗ ನೋಡಿ—ಬರೀ ಮೂತಿಗಳ ಮೇಲೆ. ಒಳಗೆ ಇಣುಕಿ ನೋಡೋಕೆ ಸೀಳಿದ್ದು ಇದು. ಅಲ್ಲಿ ತಪ್ಪಿದೆ ಅನ್ನೋ ಅನುಮಾನ ಈಯಮ್ಮನಿಗೆ ಎಲ್ಲಿಂದ ಬರುತ್ತೆ? ಕೊಯ್ದೋನಿಗೇ ಬರ್ಬೇಕು. ಅಲ್ವೇನ್ರೀ, ನಂದಕುಮಾರ್?"

ನಂದಕುಮಾರ್ ಕಾಂತರಾಜನತ್ತ ತಿರುಗಿದ. "ಅಚ್ಚಿಗೋಸ್ಕರ ಬಂಗಾರಪೇಟೆಗೆ ಯಾರ್ ಓಗ್ತಾರೆ ಅಂತ... ಕೊಯ್ದಿದ್ದನ್ನೇ ಇಟ್ಟು ಇನ್ನೊಂದು ಗೀಚ್ದೆ, ಅದನ್ನಿಟ್ಟು ಮತ್ತೊಂದು. ಒಂದೊಂದ್ ಸಲಾನೂ ಪೆನ್ಸಿಲ್ ಗೀಟಿನಷ್ಟು ಬೆಳೀತಾ ಓಯ್ತು. ನಿನ್ನೆ ಅನುಮಾನ ಬಂದು ಸೀಳಿ ನೋಡ್ದೆ. ಎಂಗೋ ವಿಮಾನ ಆರೋದು ನಿಲ್ತದಲ್ಲ ಅಂತ ಸುಮ್ಕಾದೆ ಕಣ್ಲಾ ಕಾಂತ. ಬಾಯ್ಬಿಡೋಕೆ ಮಖ ಇರ್ಲಿಲ್ಲ."

"ನಮ್ಮನೆಯವರು ಈ ಸೀಳಿಗೆಲ್ಲ ಪಟ್ಟಿ ಅಂಟಿಸಿ ನಾಳೇನೇ ಹತ್ತಿದ್ರೆ?" ಅರುಣಕುಮಾರಿ ನಂದಕುಮಾರನ ಎದುರಿಗೆ ಬಂದಳು. "ಆವಾಗ್ಲಾದ್ರೂ ಬಾಯಿ ಬಿಡ್ತಿದ್ರಾ?"

ನಂದಕುಮಾರ್ ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ರೆಕ್ಕೆಯ ಮೇಲಿಟ್ಟ.

ಕಾಂತರಾಜ್ ಹೆಂಡತಿಯ ಕೈ ಹಿಡಿಯಲು ಬಂದ. "ಅರುಣಾ, ದುಡುಕಿಬಿಟ್ಟೆ ಕಣೇ..."

"ಅವರನ್ನ ಒಂದ್ ಮಾತೂ ಕೇಳ್ಲಿಲ್ಲ ನೀವು," ಎಂದಳು ಅರುಣಕುಮಾರಿ, ಕೈ ಹಿಂದಕ್ಕೆಳೆದುಕೊಂಡು. "ನನ್ನನ್ನೇ ಕೇಳಿದ್ರಿ."

ಸೆರಗಿನಿಂದ ಕಣ್ಣೊರೆಸಿಕೊಂಡು, ಬಂಗಾರಪೇಟೆಯ ಬಸ್ಸಿಗೆ ಒಬ್ಬಳೇ ನಡೆದಳು.